ಬಿಡ್ಸೋದು ಹ್ಯಾಂಗ್ರಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡಿಯಿಂದ ಬಂದ ಪತ್ರದೊಳಗ ನಶೆದ್ದೇ ಜಾಸ್ತಿ ಇದ್ವು, ಅದಕ್ಕ ಪೂರಾ ಅಂಕಣ ಅದಕ್ಕೇ ಬಿಟ್ಟೀನಿ.

ಪ್ರಶ್ನೆ: ನಮ್ಮದು ಸೇಡಂ ತಾಲೂಕಿನ ಗಡಿ ಹಳ್ಳಿ. ಯಜಮಾನ್ರು ಫರ್ಸಿ ಖಣಿಯೊಳಗ ಕೆಲಸ ಮಾಡ್ತಾರ, ದಿನಾ ಸಂಜಿಗಿ ತೆಲಂಗಾಣದ ಕಡಿ ಹೋಗಿ ಶೇಂದಿ ಕುಡದು ಬರ್ತಾರ. ಬಿಡಸಬೇಕಂತ ನಾನೂ ಮೈದುನನೂ ಕೂಡಿ ಮನ್ಯಾಗ ಕೂಡಿಹಾಕಿದ್ವಿ. ಮರುದಿನ ರಾತ್ರಿ ಮೈಯೆಲ್ಲಾ ನಡಗಿ, ಯಾರೂ ಇಲ್ಲದ ಕಡಿ ನೋಡಿ ಮಾತಾಡ್ಲಿಕತ್ರು, ಆಮ್ಯಾಲ ಫಿಟ್ಸ್ ಬಂತು. ಹೆದರಿ ಮತ್ತ ಶೇಂದಿ ತರಿಸಿ ಕುಡಿಸಿದ್ವಿ, ಸರಿ ಆದ್ರು. ಶೇಂದಿ ಅಂದ್ರ ಗಿಡದ ರಸ ಅಲ್ಲೇನ್ರಿ, ಹಿಂಗ್ಯಾಕ ಆಯ್ತು?

ಉತ್ತರ: ಬರೇ ಗಿಡದ ರಸಕ್ಕ ಹಿಂಗ ಆಗೋದು ಕಡಿಮಿ ತಾಯಿ. ಈಚಲ ಗಿಡದಿಂದ ಇಳಿಸಿದ ಖರೇ ಶೇಂದಿ ಇಟ್ರ ಲಗೂನ ಹುಳಿ ಬರ್ತದ, ಮತ್ತ ದಿನಾ ಅಷ್ಟು ಜನಕ್ಕ ಸಾಲೋವಷ್ಟು ಗಿಡ ಎಲ್ಲಿ ಉಳದಾವ ಹೇಳ್ರಿ. ಬಾಟ್ಲಿ ತುಂಬಿ ಮಾರೋದ್ರಾಗ ಭಾಳ ಸಲ ನೀರು, ಸಿಹಿ, ಅದರ ಮ್ಯಾಲ ನಶೆ ಏರ್ಲಿ ಅಂತ ಕ್ಲೋರಲ್ ಹೈಡ್ರೇಟ್, ಅದೇ ಊರಾಗ ಸಿಎಚ್ ಪೌಡರ್ ಅಂತಾರಲ್ಲ ಅದು, ಇಲ್ಲಾಂದ್ರ ಡಯಾಜೆಪಾಮ್, ಅಲ್ಪ್ರಜೋಲಾಮ್ ಅನ್ನೋ ನಿದ್ದಿ ಗುಳಿಗಿ ಪುಡಿ ಕೂಡಿಸಿರ್ತಾರ. ಅಂದ್ರ ನಿಮ್ಮ ಯಜಮಾನ್ರು ತಮಗ ಗೊತ್ತಿಲ್ಲದಂಗ ವರ್ಷಗಟ್ಟಲೆ ನಿದ್ದಿ ಗುಳಿಗಿ ನುಂಗ್ಯಾರ. ಇವು ಮೆದುಳಿನ ಓಟಕ್ಕ ಬ್ರೇಕ್ ಹಾಕೋ ಔಷಧ, ದಿನಾ ಬ್ರೇಕ್ ಬೀಳ್ತದಂತ ಮೆದುಳು ಎಕ್ಸಲೇಟರ್ ಜೋರು ಒತ್ತೋದು ರೂಢಿ ಮಾಡ್ಕೊಂಡಿರ್ತದ, ನೀವು ಒಮ್ಮಿಗೇ ಬ್ರೇಕ್ ತಗದ್ರಿ, ಅದಕ್ಕೇ ನಡುಕ, ಭ್ರಮೆ, ಫಿಟ್ಸ್. 2020ರ ಮಾರ್ಚ್‌ನಾಗ ಲಾಕ್‌ಡೌನ್ ಆಗಿ ಶೇಂದಿ ಅಂಗಡಿ ಒಮ್ಮಿಗೇ ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಹಿಂಗೇ ಆದವ್ರು ಸಾಲುಗಟ್ಟಿ ಬಂದಿದ್ರು.

ನಾನು ದವಾಖಾನಿ ವಾರ್ಡಿನಾಗ ಇಂಥ ಒಬ್ಬರನ್ನ ನೋಡೀನಿ, ಹಾಸಿಗಿ ಮ್ಯಾಲ ಕೂತು ಇಲ್ಲದ ಇರಬಿ ಒಂದೊಂದೇ ಬೆರಳಿಂದ ಆರಿಸಿ ಕೆಳಗ ಚೆಲ್ತಿದ್ರು, ಹೆಂಡತಿ ಚಹಾ ಕೊಟ್ರ ಬಸಿ ಹಿಡೀಲಿಕ್ಕೂ ಕೈ ನಿಲ್ತಿರ್ಲಿಲ್ಲ, ಮಗಳ ಗುರುತೂ ಸಿಗವಲ್ದು. ಅಂಥವ್ರಿಗೆ ಮನ್ಯಾಗ ಬಾಗಲ ಹಾಕಿದ್ರ ಜೀವಕ್ಕೇ ಬರ್ತದ್ರಿ. ದಾರು ಕುಡಿಯೋರಿಗೂ ಇದೇ ಮಾತು: ನಿಲ್ಲಿಸಿದ ಮೊದಲ ಎರಡು ದಿನದಾಗ ಫಿಟ್ಸ್ ಭಯ, ಎರಡರಿಂದ ನಾಲ್ಕನೇ ದಿನದಾಗ ಭ್ರಮೆ ಹಿಡಿಯೋ ಭಯ. ಆವಾಗ ಡಾಕ್ಟರು ಆ ನಿದ್ದಿ ಗುಳಿಗಿ ಜಾತಿದ್ದೇ ಔಷಧ ಲೆಕ್ಕ ಹಾಕಿ ಕೊಟ್ಟು ದಿನಾ ಥೋಡೆ ಥೋಡೆ ಇಳಿಸ್ತಾ ಬರ್ತಾರ, ಜೊತಿಗಿ ಥಯಮಿನ್ ಅಂತ ಬಿ1 ವಿಟಮಿನ್ ಇಂಜೆಕ್ಷನ್ ಹಾಕ್ತಾರ. ಇದೊಂದು ಮಾತು ನೆನಪಿಡ್ರಿ, ಕುಡಿಯೋರಿಗೆ ಸುಸ್ತಾಗ್ಯದಂತ ಊರಾಗ ಬರೇ ಗ್ಲುಕೋಸ್ ಬಾಟ್ಲಿ ಏರಿಸಿ ಕಳಸ್ತಾರ, ಥಯಮಿನ್ ಇಲ್ಲದ ಗ್ಲುಕೋಸ್ ಕೊಟ್ರ ಮೆದುಳಿಗಿ ಪೆಟ್ಟು ಬೀಳ್ಬಹುದು.

ಈಗ ಏನ್ ಮಾಡೋದಂದ್ರ, ಕಲಬುರಗಿ ಜಿಮ್ಸ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕ ಕರ್ಕೊಂಡು ಹೋಗ್ರಿ (ಬೀದರ್‌ನವ್ರಿಗೆ ಬ್ರಿಮ್ಸ್, ಯಾದಗಿರಿಯವ್ರಿಗೆ ಯಿಮ್ಸ್). ಹೋಗೋ ದಿನ ಬೆಳಿಗ್ಗೆ ಅವ್ರು ಶೇಂದಿ ಕುಡದಿದ್ರೂ ಬೈಬ್ಯಾಡ್ರಿ, ಎಷ್ಟು ಬಾಟ್ಲಿ, ಎಷ್ಟು ವರ್ಷ, ಕಡೀ ಸಲ ಯಾವಾಗ, ಫಿಟ್ಸ್ ಬಂದಿತ್ತು ಅನ್ನೋದು ಬಾಯಿಬಿಟ್ಟು ಹೇಳ್ರಿ. "ಬರೇ ಶೇಂದಿ ರೀ" ಅಂದ್ಬಿಟ್ರ ಡಾಕ್ಟರಿಗೆ ಪುಡಿ ಲೆಕ್ಕಕ್ಕ ಬರೂದಿಲ್ಲ. ಮತ್ತ ಫಿಟ್ಸ್ ಬಂದ್ರ ಒಂದು ಮಗ್ಗಲಿಗಿ ಮಲಗಿಸಿ 108ಕ್ಕ ಫೋನ್ ಮಾಡ್ರಿ, ಬಾಯಾಗ ಚಮಚ ತುರುಕಬ್ಯಾಡ್ರಿ. ಕೈಯಾಗ ಕಬ್ಬಿಣ ಹಿಡಿಸೋದೂ ಬ್ಯಾಡ.

ಇನ್ನೊಂದು ಕೇಳ್ಬೇಕು, ಅವ್ರು ಖಣಿಯೊಳಗ ದಿನಾ ಕಲ್ಲು ಎತ್ತೋರು, ಮೈಕೈ ನೋವಿಗೆ ಅಂತಲೇ ಶುರು ಮಾಡಿರ್ತಾರ ಭಾಳ ಜನ. ಆ ನೋವಿಗೂ ಔಷಧ ಕೇಳ್ರಿ, ಇಲ್ಲಾಂದ್ರ ಮತ್ತ ಗಡಿ ದಾಟೋ ಆಟೋ ಏರ್ತಾರ.

ಪ್ರಶ್ನೆ: ಸಾರಿನಾಗ ಗೊತ್ತಾಗದಂಗ ಹಾಕಿದ್ರ ಕುಡಿಯೋದು ಬಿಡ್ತಾರಂತ ಒಬ್ಬರು ಪುಡಿ ಕೊಟ್ಟಾರ. ಹಾಕಲೇನ್ರಿ? (ಶಹಾಪುರ)

ಉತ್ತರ: ಹಾಕಬ್ಯಾಡ್ರಿ. ಇಂಥ ಪುಡಿಯೊಳಗ ಭಾಳ ಸಲ ಡೈಸಲ್ಫಿರಾಮ್ ಇರ್ತದ. ಅದು ಖರೇ ಔಷಧನೇ, ಆದ್ರ ರೋಗಿ ತಾನೇ ಒಪ್ಪಿ, ಇದರ ಮ್ಯಾಲ ಕುಡದ್ರ ಏನಾಗ್ತದ ತಿಳ್ಕೊಂಡು, ಡಾಕ್ಟರ್ ಲಿವರ್ ಹಾರ್ಟ್ ನೋಡಿದ ಮ್ಯಾಲ ತಗೊಳ್ಳೋ ಔಷಧ. ಗೊತ್ತಿಲ್ಲದಂಗ ತಿಂದು ಮ್ಯಾಲ ಒಂದು ಕ್ವಾರ್ಟರ್ ಕುಡದ್ರ ವಾಂತಿ, ಎದಿ ಹೊಡ್ಕೊಳ್ಳೋದು, ಬಿಪಿ ಇಳಿಯೋದು, ಸತ್ತವ್ರೂ ಅದಾರ. ನಿಲ್ಲಿಸಿದ ಮ್ಯಾಲೂ ಎರಡು ವಾರದ ತನಕ ಮೈಯಾಗ ಅದರ ಜೋರು ಇರ್ತದ. ಈಗಾಗ್ಲೇ ಹಾಕಿದ್ರ ಅವ್ರಿಗೆ ಹೇಳಿಬಿಡ್ರಿ, ಪುಡಿ ಸಮೇತ ಡಾಕ್ಟರ್ ಹತ್ರ ಹೋಗ್ರಿ.

ಪ್ರಶ್ನೆ: ನಾನು ಕಲಬುರಗಿಯಾಗ ಇಂಜಿನಿಯರಿಂಗ್ ಓದ್ತೀನಿ. ರೂಮ್‌ಮೇಟ್ ಮೊದಲು ಗಾಂಜಾ ಸೇದ್ತಿದ್ದ, ಈಗ ಟಾಪೆಂಟಡಾಲ್ ಅನ್ನೋ ಗುಳಿಗಿ ಅರದು ಇಂಜೆಕ್ಷನ್ ಮಾಡ್ಕೊಳ್ಳಾಕತ್ಯಾನ. ದವಾಖಾನಿಗೆ ಹೋದ್ರ ಪೊಲೀಸ್ ಕೇಸ್ ಆಗ್ತದಂತ ಹೆದರ್ತಾನ, ಅಪ್ಪಗ ಗೊತ್ತಾದ್ರ ಸಾಯ್ತೀನಿ ಅಂತಾನ.

ಉತ್ತರ: ಮೊದಲು ಆ "ಸಾಯ್ತೀನಿ" ಅನ್ನೋ ಮಾತು ಹಗುರ ತಗೋಬ್ಯಾಡಪಾ. ಇವತ್ತೇ ಅವನ ಜೊತಿ ಕೂತು ನೇರ ಕೇಳು, ಜೀವ ಕಳ್ಕೊಳ್ಳೋ ವಿಚಾರ ಬರ್ಲಿಕತ್ತದೇನು ಅಂತ. ಹೌದು ಅಂದ್ರ ಒಬ್ಬನೇ ಬಿಡಬ್ಯಾಡ, 14416ಕ್ಕ ಹಚ್ಚು, ಟೆಲಿ ಮಾನಸ್ ಅಂತಾರ, ಹಗಲು ರಾತ್ರಿ ಕನ್ನಡದಾಗೇ ಮಾತಾಡ್ತಾರ, ದುಡ್ಡಿಲ್ಲ.

ಪೊಲೀಸ್ ವಿಷಯ. ಚಿಕಿತ್ಸೆಗೆ ಬಂದವರ ಸುದ್ದಿ ಗುಟ್ಟಾಗಿಡಬೇಕಂತ 2017ರ ಮಾನಸಿಕ ಆರೋಗ್ಯ ಕಾಯ್ದೆನೇ ಹೇಳ್ತದ, ನಶೆಯ ಚಟವೂ ಆ ಕಾಯ್ದೆಯೊಳಗ ಬರ್ತದ. 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯಾಗೂ 64ಎ ಅಂತ ಒಂದು ಕಲಂ ಅದ, ತಾನು ಸೇದಿದ್ದಕ್ಕೋ ಸಣ್ಣ ಪ್ರಮಾಣ ಇಟ್ಕೊಂಡಿದ್ದಕ್ಕೋ ಕೇಸ್ ಆದ ವ್ಯಸನಿ ತಾನಾಗೇ ಸರಕಾರದ ಮಾನ್ಯತೆ ಇರೋ ಕೇಂದ್ರದಾಗ ಚಿಕಿತ್ಸೆ ತಗೊಂಡು ಪೂರಾ ಮುಗಿಸಿದ್ರ ಅದಕ್ಕ ಶಿಕ್ಷೆಯಿಂದ ಪಾರಾಗ್ಲಿಕ್ಕೆ ದಾರಿ ಅದ. ನಡುವ ಬಿಟ್ರ ಆ ರಕ್ಷಣೆ ಹೋಗ್ತದ. ಮಾರೋರಿಗೆ ಇದು ಇಲ್ಲ, ಇರಲೂಬಾರದು.

ಗಾಂಜಾ ಬಿಟ್ಟಾಗ ನಿದ್ದಿ ಇಲ್ಲ, ಸಿಟ್ಟು, ಊಟ ಸೇರೂದಿಲ್ಲ, ವಾರ ಎರಡು ವಾರದಾಗ ಇಳಿತದ. ಆದ್ರ ಯಾರೋ ಹಿಂದ ಬೀಳ್ಲಿಕತ್ತಾರ ಅನ್ನೋದು, ಕಿವ್ಯಾಗ ದನಿ ಕೇಳೋದು ಶುರುವಾಗಿದ್ರ ತಡ ಮಾಡಬ್ಯಾಡ. ಟಾಪೆಂಟಡಾಲ್ ಅಫೀಮು ಜಾತಿ ನೋವಿನ ಔಷಧ, ನಿಲ್ಲಿಸಿದ್ರ ಎಲುಬು ಮುರದಂಗ ನೋವು, ಭೇದಿ, ಮೂಗು ಸೋರೋದು, ಅದಕ್ಕ ಡಾಕ್ಟರ್ ಹತ್ರ ಔಷಧ ಅದ. ಒಂದು ಮಾತು ಅವಗ ಖಂಡಿತ ಹೇಳು: ಹತ್ತಿಪ್ಪತ್ತು ದಿನ ಬಿಟ್ಟು ಮತ್ತ ಮೊದಲಿನಷ್ಟೇ ಡೋಸ್ ತಗೊಂಡ್ರ ಮೈ ಅದನ್ನ ತಡಕೊಳ್ಳೂದಿಲ್ಲ, ಉಸಿರು ನಿಲ್ತದ. ಸೂಜಿ ಹಂಚಿಕೊಂಡಿದ್ರ ಎಚ್‌ಐವಿ, ಹೆಪಟೈಟಿಸ್ ಟೆಸ್ಟ್ ಜಿಲ್ಲಾ ಆಸ್ಪತ್ರೆಯಾಗೇ ಮಾಡಸ್ರಿ. ಅಪ್ಪಗ ಹೇಳೋದು ಡಾಕ್ಟರ್ ಮುಂದ ಆದ್ರ ಒಳ್ಳೇದು, ಭಾಳ ಅಪ್ಪಂದಿರು ನಾವು ತಿಳಿದಷ್ಟು ಕಠೋರ ಇರೂದಿಲ್ಲ.

ಪ್ರಶ್ನೆ: ಬೀದರ್‌ನಿಂದ. ಕಾಕಾನ ಮಾತು ಕೇಳಿ ಗಂಡನ್ನ ಒಂದು ಖಾಸಗಿ ಕೇಂದ್ರದಾಗ ಬಿಟ್ಟಿದ್ವಿ, ಮೂರು ತಿಂಗಳಿಗೆ ಭಾಳ ದುಡ್ಡು ತಗೊಂಡ್ರು. ಕಾಲಿಗೆ ಸರಪಳಿ ಹಾಕಿದ್ರಂತ, ಹೊಡದ್ರಂತ. ಮನಿಗಿ ಬಂದ ಹದಿನೈದು ದಿನಕ್ಕೇ ಮತ್ತ ಕುಡದ್ರು. ಇನ್ನ ಮುಗೀತೇನ್ರಿ?

ಉತ್ತರ: ಮುಗೀಲಿಲ್ಲ ತಂಗಿ. ಮತ್ತ ಕುಡಿಯೋದು ಈ ರೋಗದಾಗ ಭಾಳ ಮಂದಿಗೆ ಆಗ್ತದ, ಶುಗರ್‌ನವ್ರಿಗೆ ಶುಗರ್ ಏರಿದ್ರ ಔಷಧ ಬಿಟ್ಟು ಕೂಡ್ತೀವೇನು? ನಿನ್ನ ಪತ್ರ ಓದಿ ನನಗ ಸಂಕಟ ಆಗಿದ್ದು ಆ ಸರಪಳಿ ಮಾತಿಗೆ. ರೋಗಿಗೆ ಸರಪಳಿ ಹಾಕೋದು ಕಾಯ್ದೆ ಪ್ರಕಾರ ಅಪರಾಧ, ಯಾವ ಹೆಸರಿನಾಗ ಹಾಕಿದ್ರೂ. ಇಂಥ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಾಗ ನೋಂದಣಿ ಆಗಿರಬೇಕು, ಒಪ್ಪಿಗಿ ಇಲ್ಲದ ಸೇರಿಸ್ಕೋಬೇಕಂದ್ರ ಮಾನಸಿಕ ತಜ್ಞರು ಪರೀಕ್ಷೆ ಮಾಡಿರಬೇಕು, ಅದೂ ಮೊದಲಿಗೆ 30 ದಿನದ ತನಕ ಅಷ್ಟೇ. ರಸೀದಿ, ಗಾಯದ ಫೋಟೋ ಇಟ್ಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡು, ವಕೀಲರು ಬೇಕಂದ್ರ 15100ಕ್ಕ ಫೋನ್ ಮಾಡಿದ್ರ ಕಾನೂನು ಸೇವಾ ಪ್ರಾಧಿಕಾರದವ್ರು ಪುಕ್ಕಟೆ ಕೊಡ್ತಾರ.

ಚಿಕಿತ್ಸೆ ಸಿಗದವ್ರು ನೀವಷ್ಟೇ ಅಲ್ಲ. 2019ರಾಗ ಹೊರಬಂದ ಏಮ್ಸ್‌ನವರ ರಾಷ್ಟ್ರೀಯ ಸರ್ವೆ ಪ್ರಕಾರ ಕುಡಿತದ ಚಟ ಹತ್ತಿದ 38 ಜನರಾಗ ಒಬ್ಬರಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಕ್ಕದ. ಉಳಿದವ್ರು ಆಣೆ, ತಾಯತ, ಬೈಗಳ ಇದರಾಗೇ ಅದಾರ. ಆಣೆಗೆ ನಾನು ಅಡ್ಡ ಅಲ್ಲ, ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗಿ ಹಿಡದು ಊರೂರು ತಿರುಗಿ ಜನರ ಚಟ ಬೇಡಿ ತಗೊಂಡವ್ರು, ಅವರ ಹುಟ್ಟಿದ ದಿನ ಆಗಸ್ಟ್ 1ನ್ನ ಸರಕಾರ ವ್ಯಸನಮುಕ್ತ ದಿನ ಅಂತ ಮಾಡ್ಯದ. ಜೋಳಿಗಿಗೆ ಹಾಕಿದವ್ರಿಗೂ ನಡುಕ ಬರ್ತದ, ಅವ್ರಿಗೂ ಡಾಕ್ಟರ್ ಬೇಕು.

ಈ ಸಲ ಬ್ರಿಮ್ಸ್‌ಗೆ ಹೋಗ್ರಿ. ಬಿಟ್ಟ ಮ್ಯಾಲ ಆಸೆ ಕಡಿಮಿ ಮಾಡೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನೋ ಗುಳಿಗಿ ಅವ, ಅವ್ರ ಲಿವರ್ ಕಿಡ್ನಿಗೆ ಯಾವುದು ಹೊಂದ್ತದ ಕೇಳು, ಆ ಕೇಂದ್ರದಾಗ ಕೊಟ್ಟಿರಲಿಕ್ಕಿಲ್ಲ. ಜಿಲ್ಲೆಗೆ ಪದೇ ಪದೇ ಬರೋದು ಆಗದಿದ್ರ ಮನೋಚೈತನ್ಯ ಕಾರ್ಯಕ್ರಮದಾಗ ತಾಲೂಕಾ ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರ್ತಾರ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಗೆ ಕೇಳು. ಅವ್ರು ಬರೂದಿಲ್ಲ ಅಂದ್ರ ಮೊದಲ ಸಲ ನೀನೊಬ್ಬಾಕೇ ಹೋಗು, ಹಳೇ ಚೀಟಿ ಎಲ್ಲಾ ತಗೊಂಡು.