ಮೂರೂ ಬಾಟಲಿ ಖಾಲಿ ಬಂದರೆ ಸಾಕೇ?

ಈ ಸಲ ಬಂದ ಪತ್ರಗಳಲ್ಲಿ ಬೆಂಗಳೂರಿನ ಒಬ್ಬ ತಾಯಿಯ ಪತ್ರ ಒಂದು ವಾರ ನನ್ನ ಮೇಜಿನ ಮೇಲೇ ಉಳಿದುಬಿಟ್ಟಿತು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಿಷಯ ಇಷ್ಟು. ಮಗಳಿಗೆ ಏಳು ತಿಂಗಳು. ಹೆರಿಗೆ ರಜೆ ಮುಗಿದು ಇವರು ಕೆಲಸಕ್ಕೆ ಹೋಗುತ್ತಿದ್ದಾರೆ. ಮಗು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಡೇ ಕೇರ್‌ನಲ್ಲಿ. ಹಿಂಡಿದ ಎದೆಹಾಲು ಕಳಿಸಿದರೆ, 'ಕೆಟ್ಟುಹೋಗುತ್ತೆ ಮೇಡಂ, ಡಬ್ಬಿ ಹಾಲೇ ಕೊಡಿ' ಎಂದರಂತೆ. ಸರಿ ಎಂದು ದಿನಾ ಮೂರು ಬಾಟಲಿಗೆ ಪುಡಿ ಕಳಿಸುತ್ತಾರೆ. ಸಂಜೆ ಮೂರೂ ಬಾಟಲಿ ಖಾಲಿ. ಆದರೆ ಮನೆಗೆ ಬಂದ ಮೇಲೆ ಮಗು ಕಕ್ಕುತ್ತದೆ, ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ. ಅತ್ತೆ 'ಹಸುವಿನ ಹಾಲು ಕೊಟ್ಟರೆ ಎಲ್ಲ ಸರಿಹೋಗುತ್ತೆ' ಎನ್ನುತ್ತಾರೆ. ಕೊನೆಯ ಸಾಲು ಅವರ ಮಾತಿನಲ್ಲೇ ಇರಲಿ: 'ಜೋರಾಗಿ ಕೇಳಿದರೆ ಆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿದರೆ ಏನು ಮಾಡಲಿ?'

ಮೊದಲು ಆ ಖಾಲಿ ಬಾಟಲಿಯ ವಿಷಯ.

ಕೆಲವು ವರ್ಷಗಳ ಹಿಂದೆ ಲೇಖನವೊಂದಕ್ಕಾಗಿ ನಾನು ಒಂದು ಡೇ ಕೇರ್‌ನಲ್ಲಿ ಇಡೀ ದಿನ ಕೂತಿದ್ದೆ. ಚಾಪೆಯ ಮೇಲೆ ನಾಲ್ಕು ಕೂಸುಗಳು. ಚಿಕ್ಕ ವಯಸ್ಸಿನ ಆಯಾ ಒಬ್ಬಳು ಟವೆಲ್ ಮಡಚಿ, ಅದರ ಮೇಲೆ ಬಾಟಲಿ ಒರಗಿಸಿ, ನಿಪ್ಪಲ್ಲನ್ನು ಮಗುವಿನ ಬಾಯಿಗಿಟ್ಟು ಇನ್ನೊಂದು ಮಗುವಿನ ಚಡ್ಡಿ ಬದಲಿಸಲು ಹೋದಳು. ಮಲಗಿದ್ದ ಮಗು ಗುಟುಕು ಗುಟುಕಾಗಿ ನುಂಗುತ್ತಿತ್ತು. ತಡೆಯಲು ಆಗದ ಹಾಲು ಕೆನ್ನೆ ಮೇಲಿಂದ ಇಳಿದು ಕಿವಿಯ ಹತ್ತಿರ ಹೋಗುತ್ತಿತ್ತು. ಹತ್ತು ನಿಮಿಷಕ್ಕೆ ಬಾಟಲಿ ಖಾಲಿ. ಆಚೆ ಮೂಲೆಯಲ್ಲಿ ವಯಸ್ಸಾದ ಇನ್ನೊಬ್ಬ ಆಯಾ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಂತೆ ಎತ್ತಿ, ತಲೆಯನ್ನು ಮೊಣಕೈ ಮೇಲಿಟ್ಟುಕೊಂಡು, ಬಾಟಲಿಯನ್ನು ಹೆಚ್ಚುಕಡಿಮೆ ಅಡ್ಡಡ್ಡ ಹಿಡಿದಿದ್ದರು. ನಡುವೆ ನಿಲ್ಲಿಸಿದರು, ಬೆನ್ನು ಸವರಿ ತೇಗು ಬರಿಸಿದರು, ಮತ್ತೆ ಕೊಟ್ಟರು. ಮಗು ತುಟಿ ಬಿಗಿ ಮಾಡಿ ಮುಖ ಆಚೆ ತಿರುಗಿಸಿತು. ಅಷ್ಟೇ. ಬಾಟಲಿ ಕೆಳಗಿಟ್ಟು ಪುಸ್ತಕದಲ್ಲಿ '40 ಉಳಿಯಿತು' ಎಂದು ಬರೆದರು.

ಸಂಜೆ ಆ ಮಗುವಿನ ಅಮ್ಮ ಬಂದು ಕೇಳಿದ ಮೊದಲ ಮಾತು: 'ಯಾಕೆ ಉಳಿಸಿದ್ದಾನೆ? ಪೂರ್ತಿ ಕುಡಿಸಬಾರದಿತ್ತಾ?'

ನಗಬೇಡಿ, ನನ್ನ ಮಗನ ಕಾಲಕ್ಕೆ ನಾನೂ ದಿನಾ ಇದನ್ನೇ ಕೇಳುತ್ತಿದ್ದೆ. ಹೀಗೆ ಕೇಳಿ ಕೇಳಿಯೇ ನಾವು ಆಯಾಗಳಿಗೆ ಬಾಟಲಿ ಖಾಲಿ ಮಾಡುವುದನ್ನು ಕಲಿಸಿದ್ದೇವೆ. ಹೊಟ್ಟೆ ತುಂಬಿದ್ದು ಮಗುವಿಗೆ ಗೊತ್ತಿರುತ್ತದೆ. ಹಸಿದಾಗ ಕೈ ಬಾಯಿಗೆ ಹೋಗುತ್ತದೆ, ತಲೆ ಅತ್ತಿತ್ತ ಆಡಿ ಹುಡುಕುತ್ತದೆ. ಸಾಕಾದಾಗ ಮುಖ ತಿರುಗುತ್ತದೆ. ನಿಮ್ಮ ಮಗಳು ಮನೆಯಲ್ಲಿ ಮುಖ ತಿರುಗಿಸುವುದು ಡೇ ಕೇರ್‌ನಲ್ಲಿ ಯಾರೂ ಕೇಳಿಸಿಕೊಳ್ಳದ 'ಸಾಕು' ಇರಬಹುದು. ಮಲಗಿಸಿ, ಬಾಟಲಿ ಒರಗಿಸಿ ಕುಡಿಸಿದರೆ ನೆತ್ತಿಗೆ ಹತ್ತುತ್ತದೆ, ಕಿವಿಯ ಸೋಂಕೂ ಜಾಸ್ತಿ. ಇದೊಂದರಲ್ಲಿ ರಾಜಿ ಬೇಡ: ಕುಡಿಯುವಷ್ಟು ಹೊತ್ತೂ ಮಗು ಯಾರದಾದರೂ ತೋಳಲ್ಲಿ ಇರಬೇಕು.

ಇನ್ನು ಎದೆಹಾಲು 'ಕೆಡುತ್ತೆ' ಎಂಬ ಮಾತು. ಇದು ಹೇಗೆ ಹುಟ್ಟುತ್ತದೆ ಎಂದು ಆ ಡೇ ಕೇರ್‌ನಲ್ಲೇ ಕಂಡೆ. ಫ್ರಿಜ್‌ನಲ್ಲಿಟ್ಟ ಎದೆಹಾಲಿನ ಕೊಬ್ಬು ಮೇಲೆ ಬಂದು, ಕೆಳಗೆ ನೀರಾದ ಹಾಲು ನಿಲ್ಲುತ್ತದೆ. ನೋಡಿದವರು ಒಡೆದಿದೆ ಎಂದು ಸಿಂಕಿಗೆ ಸುರಿಯುತ್ತಾರೆ. ಅಯ್ಯೋ, ಎಷ್ಟು ಕಷ್ಟಪಟ್ಟು ಹಿಂಡಿದ ಹಾಲು! ಬಾಟಲಿಯನ್ನು ಮೆಲ್ಲಗೆ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಏಪ್ರಿಲ್‌ನ ಬೆಂಗಳೂರಿಗೆ ಈ ಲೆಕ್ಕ ಹಿಡಿಯಬೇಡಿ. 4 ಡಿಗ್ರಿಯ ಫ್ರಿಜ್‌ನಲ್ಲಿ ನಾಲ್ಕು ದಿನ ಎನ್ನುತ್ತಾರೆ. ಕರೆಂಟ್ ಹೋಗಿ ಬರುವ ಊರಿನಲ್ಲಿ ನಾನಾದರೆ 24 ಗಂಟೆಯ ಮೇಲೆ ಇಡುವುದಿಲ್ಲ. ಬಾಗಿಲಿನ ಹಲಗೆಯಲ್ಲಿ ಬೇಡ, ಒಳಗೆ ಹಿಂದಕ್ಕೆ ಇಡಬೇಕು. ಬಿಸಿ ಮಾಡಲು ಬೆಚ್ಚಗಿನ ನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟರೆ ಸಾಕು. ಮೈಕ್ರೋವೇವ್ ಖಂಡಿತ ಬೇಡ, ಅದರಲ್ಲಿ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಕಾಯುತ್ತದೆ.

ಮಗು ಬಾಯಿ ಹಾಕಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಅದಕ್ಕೇ ದೊಡ್ಡ ಬಾಟಲಿ ತುಂಬಿ ಕಳಿಸುವ ಬದಲು 60, 90 ಮಿಲಿಯಂತೆ ಸಣ್ಣ ಸಣ್ಣದಾಗಿ ಕಳಿಸಿ. ಚೆಲ್ಲುವಾಗ ಹೊಟ್ಟೆ ಉರಿಯುವುದು ಕಡಿಮೆ. ಪ್ರತಿ ಬಾಟಲಿಯ ಮೇಲೂ ಮಗುವಿನ ಹೆಸರು, ತಾರೀಖು, ಹಿಂಡಿದ ಹೊತ್ತು ಅಳಿಸದ ಪೆನ್ನಿನಲ್ಲಿ ಇರಲಿ. ಒಬ್ಬರ ಮಗುವಿನ ಹಾಲು ಇನ್ನೊಂದು ಮಗುವಿಗೆ ಹೋಗಬಾರದು.

ಡಬ್ಬಿ ಹಾಲು ಕೊಡಲೇಬೇಕಾಗಿ ಬಂದರೆ ಒಂದು ಮಾತು ಆಯಾಗಳಿಗೂ ಗೊತ್ತಿರುವುದಿಲ್ಲ, ಎಷ್ಟೋ ಅಮ್ಮಂದಿರಿಗೂ ಗೊತ್ತಿರುವುದಿಲ್ಲ. ಡಬ್ಬಿಯ ಪುಡಿ ಕ್ರಿಮಿಯೇ ಇಲ್ಲದ ಪುಡಿಯಲ್ಲ. ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ಎಳೆಗೂಸುಗಳಿಗೆ, ಅದರಲ್ಲೂ ಎರಡು ತಿಂಗಳೊಳಗಿನವಕ್ಕೆ, ಅದು ಅಪಾಯ. ಹಾಗಾಗಿ 70 ಡಿಗ್ರಿಗಿಂತ ಕಡಿಮೆಯಾಗದ ನೀರಿನಲ್ಲಿ ಕಲಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಥರ್ಮಾಮೀಟರ್ ಬೇಡ. ನೀರು ಕುದಿಸಿ, ಅರ್ಧ ಗಂಟೆಯೊಳಗೆ ಬಳಸಿದರೆ ಆಯಿತು. ಮೊದಲು ನೀರು, ಆಮೇಲೆ ಪುಡಿ, ಸ್ಕೂಪ್ ಮಟ್ಟಸವಾಗಿ. ನಂತರ ಬಾಟಲಿಯನ್ನು ನಲ್ಲಿ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ನಮ್ಮ ಕಡೆ ನಡೆಯುವುದು ಇದಕ್ಕೆ ಉಲ್ಟಾ. ಬೆಳಿಗ್ಗೆ ಫ್ಲಾಸ್ಕಿಗೆ ಹಾಕಿದ ಉಗುರುಬೆಚ್ಚಗಿನ ನೀರಲ್ಲೇ ಸಂಜೆಯವರೆಗೆ ಕಲಸುತ್ತಾರೆ. ಡಬ್ಬಿ ಬೇಗ ಮುಗಿಯದಿರಲಿ ಎಂದು ನೀರು ಜಾಸ್ತಿ ಮಾಡುವವರೂ ಇದ್ದಾರೆ. ಆಗ ಹೊಟ್ಟೆ ತುಂಬಿದಂತೆ ಕಂಡರೂ ಮಗುವಿನ ತೂಕ ಏರುವುದಿಲ್ಲ.

ಹಾಂ, ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು. ಬಾಟಲಿಯ ನಿಪ್ಪಲ್ಲಿನ ಸಂದಿಯಲ್ಲಿ ಹಾಲು ಅಂಟಿ ಕೂರುತ್ತದೆ, ಒಳಲೆಯನ್ನೋ ಪುಟ್ಟ ಲೋಟವನ್ನೋ ತೊಳೆಯುವುದು ಸುಲಭ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಇವತ್ತಿಗೂ ಒಳಲೆಯಲ್ಲಿ ಕುಡಿಸುತ್ತಾರೆ. ಆದರೆ ಕಾಲಮೇಲೆ ಮಲಗಿಸಿ, ಅಳುವ ಬಾಯಿಗೆ ಸುರಿಯುವ ನಮ್ಮ ಅಜ್ಜಿಯರ ಪದ್ಧತಿ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗಬಹುದು.

ಅತ್ತೆಯವರ ಮಾತಿಗೆ ಬರೋಣ. ಒಂದು ವರ್ಷದವರೆಗೆ ಹಸುವಿನ ಹಾಲನ್ನೇ ಕುಡಿಸಿ ಬೆಳೆಸಬಾರದು. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಎಳೆ ಕರುಳಿಗೂ ಒಗ್ಗುವುದಿಲ್ಲ. ಇದನ್ನು ಹೇಳಿ ಅವರನ್ನು ಸುಮ್ಮನೆ ಕೂರಿಸಬೇಡಿ. ರಾಗಿ ಸರಿ ಹಿಟ್ಟು ಮಾಡಿಕೊಡಲು ಕೇಳಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಜರಡಿ ಹಿಡಿಯುವ ಕೆಲಸ ಅವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊಳಕೆ ಬಂದ ರಾಗಿಯ ಗಂಜಿ ಬೇಗ ಗಟ್ಟಿಯಾಗುವುದಿಲ್ಲ, ಹಾಗಾಗಿ ಅಷ್ಟೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಚಮಚ ಓರೆ ಮಾಡಿದರೆ ಹರಿದುಹೋಗದಷ್ಟು ಗಟ್ಟಿ ಇರಲಿ. ಮೇಲೆ ಸ್ವಲ್ಪ ತುಪ್ಪ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನು ಒಂದು ವರ್ಷದವರೆಗೆ ನಾಲಿಗೆಗೂ ತಾಗಿಸಬಾರದು, ಅದರಿಂದ ಬಾಟುಲಿಸಂ ಎಂಬ, ಕೂಸಿನ ಮೈಯ ಶಕ್ತಿ ಕುಂದಿಸುವ ಕಾಯಿಲೆ ಬರುವ ಅಪಾಯವಿದೆ. ಏಳು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ. ಎರಡು ಮೂರು ಚಮಚದಿಂದ ಶುರು ಮಾಡಿ, ನಿಧಾನವಾಗಿ ಅರ್ಧ ಬಟ್ಟಲಿನವರೆಗೆ. ಹೊಸದು ಏನೇ ಇದ್ದರೂ ಮೊದಲು ಮನೆಯಲ್ಲಿ ಕೊಟ್ಟು ನೋಡಿ, ಆಮೇಲೆ ಡೇ ಕೇರ್‌ಗೆ ಕಳಿಸಿ. ಅಲ್ಲಿ ದೊಡ್ಡ ಮಕ್ಕಳೂ ಇದ್ದರೆ ಕಡಲೆಕಾಯಿ, ದ್ರಾಕ್ಷಿ ಎಲ್ಲಿ ಕೊಡುತ್ತಾರೆ ಎಂದು ಕೇಳಿ. ಮೂರು ವರ್ಷದ ಅಕ್ಕ ಪ್ರೀತಿಯಿಂದಲೇ ಪಾಪುವಿನ ಬಾಯಿಗೊಂದು ಬೀಜ ಇಟ್ಟುಬಿಡುತ್ತಾಳೆ.

ಕಾನೂನಿನ ಒಂದು ಮಾತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರವಾಯಿತು, 50 ಜನ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದೂ ಆಯಿತು. ನಿಮ್ಮ ಆಫೀಸಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನೀವು ಬರೆದಿಲ್ಲ. ವಿಚಾರಿಸಿ.

ಈಗ ನಿಮ್ಮ ಭಯ. ಸೋಮವಾರ ದೂರು ಹಿಡಿದು ಹೋಗಬೇಡಿ. ಒಂದು ನೋಟ್‌ಬುಕ್ ಹಿಡಿದು ಹೋಗಿ. 'ಅವಳು ಬೇಡ ಎಂದರೆ ಬಿಟ್ಟುಬಿಡಿ, ಉಳಿದದ್ದನ್ನು ಚೆಲ್ಲಿ. ಎಷ್ಟು ಉಳಿಯಿತು ಅಂತ ಬರೆದರೆ ಸಾಕು, ನಾನು ಬೈಯಲ್ಲ' ಎನ್ನಿ. ಹತ್ತು ಜನ ಅಮ್ಮಂದಿರ ಬೈಗುಳ ತಿಂದ ಆಯಾಗೆ ಈ ಮಾತು ಎಷ್ಟು ಹಗುರ ಎನ್ನಿಸುತ್ತದೆ ನೋಡಿ. ಒಂದು ದಿನ ಹೇಳದೆ ಕೇಳದೆ ಹಾಲು ಕುಡಿಸುವ ಹೊತ್ತಿಗೇ ಹೋಗಿ. ಒಳಗೆ ಬಿಡದಿದ್ದರೆ ಬೇರೆ ಜಾಗ ಹುಡುಕಿ, ಇದಕ್ಕೆ ನನ್ನ ಹತ್ತಿರ ಎರಡನೇ ಸಲಹೆ ಇಲ್ಲ. ಕುಡಿದ ಮೇಲೆ ಸ್ವಲ್ಪ ಕಕ್ಕಿದರೆ ಗಾಬರಿ ಬೇಡ. ವಾಂತಿ ಹಸಿರಾಗಿದ್ದರೆ, ಮೂತ್ರ ಕಡಿಮೆಯಾದರೆ, ತೂಕ ನಿಂತಿದ್ದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಆ ನೋಟ್‌ಬುಕ್‌ನಲ್ಲಿ ಮೊದಲ ಸಲ 'ಉಳಿಯಿತು' ಎಂಬುದು ಕಂಡ ದಿನ ನನಗೊಂದು ಸಾಲು ಬರೆಯಿರಿ.

- ಸಂ.