ಸ್ಕಿಟ್ ತಂಡ ಬಿಟ್ಟು ಟ್ರಾವೆಲ್ ಶೋ ಶುರು ಮಾಡಲೇ, ಬ್ರಿಟಿಷ್ ಕಾಮಿಡಿ ನಟ ಮೈಕೆಲ್ ಪೇಲಿನ್ ಮಾಡಿದ ಹಾಗೆ?

ನೀವಿನ್ನೂ ಕೇಳುತ್ತಿದ್ದೀರಿ. ನಾನು ಯಾರನ್ನೂ ಕೇಳದೆ ತಂಡ ಬಿಟ್ಟೇ ಬಿಟ್ಟೆ.

ಆಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆ. ನಾಲ್ಕು ಜನ ಕನ್ನಡದವರು ಸೇರಿ ಯುಗಾದಿ, ದೀಪಾವಳಿ ಕಾರ್ಯಕ್ರಮಗಳಿಗೆ ಸ್ಕಿಟ್ ಮಾಡುತ್ತಿದ್ದೆವು. ವಿಡಿಯೊ ಹಾಕಿದರೆ ನೋಡುವವರು ನಮ್ಮ ನೆಂಟರೇ. ಪೇಲಿನ್ ಹುಟ್ಟಿದ ಶೆಫೀಲ್ಡ್ ಅಲ್ಲಿಂದ ಹತ್ತಿರ. ಅಷ್ಟಕ್ಕೇ ಅವರು ನಮ್ಮ ಪಕ್ಕದೂರಿನವರು ಅಂತ ನನಗೊಂದು ಹೆಮ್ಮೆ!

1980ರಲ್ಲಿ ಬಿಬಿಸಿಯ ಒಂದು ರೈಲು ಸರಣಿಗಾಗಿ ಪೇಲಿನ್ ಲಂಡನ್‌ನಿಂದ ಸ್ಕಾಟ್ಲೆಂಡಿನ ಕೈಲ್ ಆಫ್ ಲೊಕಾಲ್ಶ್‌ವರೆಗೆ ಹೋಗಿದ್ದರು. ನಾನೂ ಅದೇ ದಾರಿ ಹಿಡಿದೆ. ಕೊನೆಯ ತುಂಡು ಇನ್ವರ್‌ನೆಸ್‌ನಿಂದ ಕೈಲ್‌ಗೆ, ಸುಮಾರು ಎರಡೂವರೆ ಗಂಟೆ. ಕೆರೆ, ಗುಡ್ಡ, ಕುರಿ, ಮಳೆ.

ಇನ್ನು ನನ್ನ ತಪ್ಪು. ಹೊರಡುವ ಮುಂಚೆ ಮನೆಯಲ್ಲೇ ಕೂತು ಇಪ್ಪತ್ತೆರಡು ಜೋಕ್ ಬರೆದಿದ್ದೆ. ಕುರಿಗೆ ಮೂರು, ಮಳೆಗೆ ನಾಲ್ಕು, ರೈಲಿನ ಚಹಾಕ್ಕೆ ಎರಡು. ಡಿಂಗ್‌ವಾಲ್‌ನಲ್ಲಿ ಒಬ್ಬ ಅಜ್ಜ ಹತ್ತಿ ಎದುರು ಕೂತರು. ಫ್ಲಾಸ್ಕ್ ಮುಚ್ಚಳದಲ್ಲಿ ನನಗೂ ಚಹಾ ಬಗ್ಗಿಸಿದರು. ಅಕ್ನಶೀನ್ ಸ್ಟೇಷನ್ ಬಂದಾಗ ಕಿಟಕಿಯ ಕಡೆ ಬೆರಳು ಮಾಡಿ, ‘ಇಲ್ಲಿ ನಮ್ಮಪ್ಪ...’ ಅಂತ ಶುರು ಮಾಡಿದರು. ಅಷ್ಟರಲ್ಲಿ ಹೊರಗೆ ಕುರಿ ಕಂಡವು. ನಾನು ಫೋನ್ ಕಡೆ ತಿರುಗಿ ಕುರಿ ಜೋಕ್ ಹೊಡೆದೆ.

ಜೋಕ್ ಚೆನ್ನಾಗೇ ಇತ್ತು, ಸುಳ್ಳು ಹೇಳುವುದಿಲ್ಲ. ಅಜ್ಜನೂ ನಕ್ಕರು. ಆಮೇಲೆ ಮುಚ್ಚಳ ಒರೆಸಿ, ಫ್ಲಾಸ್ಕ್ ಚೀಲಕ್ಕೆ ಹಾಕಿ, ಪೇಪರ್ ಬಿಡಿಸಿದರು. ನಾನು ಗಮನಿಸಲೇ ಇಲ್ಲ. ಮನೆಗೆ ಬಂದು ಎಡಿಟ್ ಮಾಡುವಾಗ ಗೊತ್ತಾಯಿತು: ಮೂರು ಗಂಟೆ ವಿಡಿಯೊದಲ್ಲಿ ಬರೀ ನನ್ನ ದನಿ. ಬೇರೆಯವರು ಬಾಯಿ ತೆರೆದಲ್ಲೆಲ್ಲ ನಾನು ಅಡ್ಡ ಬಂದಿದ್ದೇನೆ. ಜೋಕ್ ಮೊದಲೇ ರೆಡಿ ಇದ್ದರೆ ಕಿವಿ ಕೆಲಸ ಮಾಡುವುದಿಲ್ಲ ಸ್ವಾಮಿ. ಅದನ್ನು ಎಲ್ಲಿ ತುರುಕಲಿ ಅಂತ ಜಾಗ ಹುಡುಕುವುದೇ ಆಗುತ್ತದೆ. ಸ್ಟೇಜಿನ ಮೇಲೆ ಎದುರಿಗಿದ್ದವನಿಗೆ ನನ್ನ ಸಾಲು ಗೊತ್ತಿರುತ್ತದೆ, ಕಾಯುತ್ತಾನೆ. ರೈಲಿನ ಅಜ್ಜ ಯಾಕೆ ಕಾಯಬೇಕು?

ಎದುರಿನವರಿಗೆ ಜಾಗ ಬಿಡುವುದನ್ನು ಪೇಲಿನ್ ಸ್ಕಿಟ್‌ನಲ್ಲೇ ಕಲಿತವರು ಅಂತ ನನ್ನ ಲೆಕ್ಕ. ಅವರ ಕಾಮಿಡಿ ತಂಡ ‘ಮಾಂಟಿ ಪೈಥನ್’ನ ಸತ್ತ ಗಿಳಿಯ ಸ್ಕಿಟ್ ನೋಡಿ. ಸತ್ತ ಗಿಳಿ ಮಾರಿದಿರಿ ಅಂತ ಅಂಗಡಿಗೆ ಬಂದು ರೇಗಾಡುವ ಗಿರಾಕಿ, ಅದೇ ತಂಡದ ಜಾನ್ ಕ್ಲೀಸ್. ಪೇಲಿನ್ ಅಂಗಡಿಯವನು, ಗಿಳಿ ಸತ್ತಿಲ್ಲ ಅಂತ ಜಾರಿಕೊಳ್ಳುತ್ತಾ ನಿಲ್ಲುತ್ತಾರೆ. ಎದುರಿನವನ ಸಿಟ್ಟು ಏರುವುದೇ ಅದರಿಂದ. 1988ರಲ್ಲಿ ಬಿಬಿಸಿಯ ಇನ್ನೊಂದು ಸರಣಿಗಾಗಿ 80 ದಿನದಲ್ಲಿ ಲೋಕ ಸುತ್ತಲು ಹೊರಟಾಗ, ದುಬೈನಿಂದ ಬಾಂಬೆಗೆ ಹಾಯಿದೋಣಿಯಂಥ ಹಳೇ ಹಡಗಿನಲ್ಲಿ ಗುಜರಾತಿ ನಾವಿಕರ ಜೊತೆ ಸುಮಾರು ಒಂದು ವಾರ ಕಳೆದರು. ಭಾಷೆ ಬಾರದು, ಹೊಟ್ಟೆ ಬೇರೆ ಕೆಟ್ಟಿತ್ತು. ಒಬ್ಬ ನಾವಿಕನ ಕಿವಿಗೆ ತನ್ನ ವಾಕ್‌ಮನ್ ಹೆಡ್‌ಫೋನ್ ಹಾಕಿ ಹಾಡು ಕೇಳಿಸಿ, ಸುಮ್ನೆ ಅವನ ಮುಖ ನೋಡುತ್ತಾ ಕೂತರು. ಇಡೀ ಸರಣಿಯಲ್ಲಿ ನನಗೆ ಇಷ್ಟವಾದ ಭಾಗ ಅದೇ.

ಇನ್ನು ನಿಮ್ಮ ‘ಬಿಟ್ಟು’ ಅನ್ನುವ ಮಾತು. ಅವರು ಎಲ್ಲಿ ಬಿಟ್ಟರು? ಲೋಕ ಸುತ್ತಲು ಹೊರಟಾಗ ವಯಸ್ಸು 45. ಟಿವಿಗೆ ಕಾಮಿಡಿ ಬರೆಯಲು ಶುರು ಮಾಡಿ 20 ವರ್ಷ ದಾಟಿತ್ತು. ಆ ಸರಣಿಗೆ ಬಿಬಿಸಿ ಮೊದಲು ಕೇಳಿದ್ದೂ ಇವರನ್ನಲ್ಲ, ಬೇರೆಯವರು ಒಲ್ಲೆ ಅಂದ ಮೇಲೆ ಬಂತು. ಆಮೇಲೂ ನಟಿಸುತ್ತಲೇ ಇದ್ದರು. 1997ರಲ್ಲಿ ‘ಫುಲ್ ಸರ್ಕಲ್’ ಪ್ರವಾಸ ಸರಣಿ ಬಂದ ವರ್ಷವೇ ಕ್ಲೀಸ್ ಜೊತೆಗಿನ ಕಾಮಿಡಿ ಸಿನಿಮಾವೂ ಬಂತು. ಹಾಗಾಗಿ ತಂಡ ಬಿಡಬೇಡಿ. ಡ್ರೋನ್ ಅಂತೂ ತಗೋಳಲೇಬೇಡಿ, ನನ್ನದು ಅಟ್ಟದ ಮೇಲಿದೆ. ಮುಂದಿನ ನಾಲ್ಕು ಸ್ಕಿಟ್‌ನಲ್ಲಿ ನಗಿಸುವ ಪಾತ್ರ ಬೇರೆಯವರಿಗೆ ಕೊಟ್ಟು ನೀವು ಅಂಗಡಿಯವರಾಗಿ ನಿಂತು ನೋಡಿ. ಬೋರಾದರೆ ಟ್ರಾವೆಲ್ ನಿಮ್ಮ ಕೆಲಸವಲ್ಲ.

ನನ್ನ ತಂಡದವರು ಈಗ ಮೂರೇ ಜನ ಆಡುತ್ತಾರೆ, ನಾನಿದ್ದಾಗಿನಕ್ಕಿಂತ ಚೆನ್ನಾಗಿ. ಕಳೆದ ಮೇ ತಿಂಗಳಲ್ಲಿ ಫೋನ್ ಜೇಬಿನಲ್ಲಿಟ್ಟುಕೊಂಡು ಮತ್ತೆ ಕೈಲ್ ರೈಲು ಹತ್ತಿದೆ. ಡಿಂಗ್‌ವಾಲ್‌ನಲ್ಲಿ ಯಾರೂ ಹತ್ತಲಿಲ್ಲ. ಅಕ್ನಶೀನ್‌ನಲ್ಲಿ ಆ ಅಜ್ಜನ ಅಪ್ಪ ಏನು ಮಾಡುತ್ತಿದ್ದರೋ.