ಜೇನುತುಪ್ಪ ತೆಗೆಯಲು ಯಂತ್ರ ಬೇಕೇ ಬೇಕಾ? ತುಪ್ಪ ಹುಳಿ ಬರುವುದು ಯಾಕೆ?

ಶಿರಸಿ ಕಡೆ ತೋಟದಲ್ಲಿ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಎರಡು ಪೆಟ್ಟಿಗೆ ಇಟ್ಟಿದ್ದೀರಿ. ಎರಿಯನ್ನು (ಹುಳಗಳು ತುಪ್ಪ ತುಂಬಿಡುವ ಮೇಣದ ತಟ್ಟೆ) ಕೈಯಲ್ಲೇ ಹಿಂಡಬಹುದಾ, ಎರಿ ತಿರುಗಿಸಿ ತುಪ್ಪ ತೆಗೆಯುವ ಯಂತ್ರ ಕೊಳ್ಳಬೇಕಾ, ಹೋದ ವರ್ಷದ ತುಪ್ಪ ಮಳೆಗಾಲದಲ್ಲಿ ಹುಳಿಯಾದದ್ದು ಯಾಕೆ ಅಂತ ಕೇಳಿದ್ದೀರಿ. ನಾನೂ ಇದೇ ಸೀಮೆಯವನು, ಮನೆ ಹಿಂದೆ ಒಂದಷ್ಟು ಪೆಟ್ಟಿಗೆ ಇವೆ. ಹುಳಿಯಿಂದಲೇ ಶುರು ಮಾಡುತ್ತೇನೆ.

ಹುಳಿ ಬರುವುದು ನೀರಿನಿಂದ. ಹುಳಗಳು ತಂದ ಮಕರಂದ ಮೊದಲು ನೀರು ನೀರಾಗಿಯೇ ಇರುತ್ತದೆ. ರೆಕ್ಕೆ ಬೀಸಿ ಅದನ್ನು ಆರಿಸುತ್ತವೆ, ಗಟ್ಟಿಯಾದ ಮೇಲೆ ಎರಿಯ ಕಣ್ಣಿಗೆ, ಅಂದರೆ ಸಣ್ಣ ಗುಂಡಿಗಳಿಗೆ, ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚುವ ಮೊದಲೇ ತೆಗೆದರೆ ಅರೆಬೆಂದ ಅನ್ನ ಬಸಿದ ಹಾಗೆ. ಮಾರುವ ತುಪ್ಪದಲ್ಲಿ ನೀರು ಶೇ. 20 ಮೀರಬಾರದು ಅನ್ನುವುದು ನಿಯಮ. ತುಡುವೆ ತುಪ್ಪ ಮೊದಲೇ ತೆಳು, ಸ್ವಲ್ಪ ಅವಸರ ಮಾಡಿದರೂ ಮೀರಿಹೋಗುತ್ತದೆ. ಹಾಗಾಗಿ ಮುಕ್ಕಾಲು ಪಾಲಾದರೂ ಮುಚ್ಚಿದ ಎರಿಯನ್ನಷ್ಟೇ ಎತ್ತಿ. ಮೋಡದ ದಿನ ಬೇಡ, ತುಪ್ಪ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ ಕಾಲ. ಬೆಟ್ಟದಲ್ಲಿ ನೇರಳೆ ಹೂ ಬಿಟ್ಟ ವರ್ಷ ಸುಗ್ಗಿಯೇ! ಏನೇ ಆದರೂ ಮಳೆ ಹಿಡಿಯುವ ಮೊದಲು ಮುಗಿಸಿ.

ಹಿಂಡಬಹುದು, ಆದರೆ ಹಿಂಡಿದರೆ ಎರಿ ಹೋಯಿತು. ಹೊಸ ಮೇಣ ಕಟ್ಟಲು ಹುಳಗಳು ಎಷ್ಟೋ ತುಪ್ಪ ತಿನ್ನುತ್ತವೆ, ಅದು ನಿಮ್ಮದೇ ನಷ್ಟ. ಪರಾಗ, ಮರಿ ಎಲ್ಲ ಸೇರಿದರೆ ರುಚಿಯೂ ಕೆಡುತ್ತದೆ, ಬೇಗ ಹಾಳೂ ಆಗುತ್ತದೆ. ಯಂತ್ರದಲ್ಲಿ ತಿರುಗಿಸಿದರೆ ಖಾಲಿ ಎರಿ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ, ಅದೇ ಸುಗ್ಗಿಯಲ್ಲಿ ಇನ್ನೊಮ್ಮೆ ತುಂಬುತ್ತದೆ. ಎರಡು ಪೆಟ್ಟಿಗೆಗೆ ಸುಮ್ನೆ ಯಂತ್ರ ಕೊಳ್ಳಬೇಡಿ ಮಾರಾಯ್ರೆ, ಊರಲ್ಲಿ ಯಾರದ್ದಾದರೂ ಕೇಳಿ ತನ್ನಿ.

ಬಿಸಿ ನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮುಚ್ಚಳ ಸವರಿ ತೆಗೆಯಿರಿ. ಯಂತ್ರ ನಿಧಾನ ತಿರುಗಿಸಿ. ತುಡುವೆಯ ಎರಿ ನಾಜೂಕು, ಹೊಸದಾದರೆ ಇನ್ನೂ ಜಾಸ್ತಿ. ಒಂದು ಬದಿ ಅರ್ಧ ತೆಗೆದು ಮಗುಚಿ, ಆಮೇಲೆ ಪೂರ್ತಿ ಮಾಡಿ. ಕೆಲಸ ಬಾಗಿಲು ಹಾಕಿದ ಕೋಣೆಯಲ್ಲೇ ಆಗಬೇಕು. ಇಲ್ಲದಿದ್ದರೆ ವಾಸನೆಗೆ ಸುತ್ತಲಿನ ಹುಳವೆಲ್ಲ ನುಗ್ಗುತ್ತದೆ. ಖಾಲಿ ಎರಿಗಳನ್ನೂ ಸಂಜೆ ಹೊತ್ತಾದ ಮೇಲೆಯೇ ಪೆಟ್ಟಿಗೆಗೆ ಇಡಿ, ಇಲ್ಲವಾದರೆ ಬೇರೆ ಗೂಡಿನವು ಬಂದು ದರೋಡೆ ಮಾಡುತ್ತವೆ.

ತುಪ್ಪವನ್ನು ಬಟ್ಟೆಯಲ್ಲಿ ಸೋಸಿ ಸ್ಟೀಲ್ ಪಾತ್ರೆಯಲ್ಲಿ ಒಂದೆರಡು ದಿನ ಮುಚ್ಚಿಡಿ. ನೊರೆ, ಮೇಣದ ಚೂರು ಮೇಲೆ ಬರುತ್ತದೆ, ತೆಗೆದು ಒಣ ಬಾಟಲಿಗೆ ತುಂಬಿ. ಒಲೆಯ ಮೇಲೆ ಕುದಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಪರಿಮಳವೇ ಹೋಗುತ್ತದೆ.

ಪೆಟ್ಟಿಗೆಯಲ್ಲಿ ತುಪ್ಪ ತುಂಬುವ ಮೇಲಿನ ಅಂತಸ್ತಾದ ಸೂಪರ್‌ನಿಂದ ಮಾತ್ರ ತೆಗೆಯಿರಿ, ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆ ಮುಟ್ಟಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಹುಳಗಳಿಗೆ ಅಲ್ಲಿನ ತುಪ್ಪವೇ ಊಟ. ಆಗಲೂ ಸಾಲದೆ ಹೋದರೆ ಸಕ್ಕರೆ ಪಾಕ ಕೊಡಬೇಕಾಗುತ್ತದೆ. ಆದರೆ ಹೋದ ವರ್ಷದ ಹುಳಿ ತುಪ್ಪವನ್ನು ಮಾತ್ರ ಅವಕ್ಕೆ ಉಣಿಸಬೇಡಿ, ಹೊಟ್ಟೆ ಕೆಡುತ್ತದೆ.